ಬಿ.ಎಸ್ಸಿ. ಓದಿದ ಹುಡುಗಿ, ಎರಡು ಕೊಳೆರೋಗ

ಮೇ ತಿಂಗಳು ಮುಗಿಯುತ್ತ ಬಂದಿತೆಂದರೆ ನಮ್ಮ ಸಂಘದ ಕಚೇರಿಗೆ ಬರುವ ಸದಸ್ಯ ಬಾಂಧವರು ಸಾಮಾನ್ಯವಾಗಿ ಎರಡು ಕೆಲಸ ಇಟ್ಟುಕೊಂಡು ಬರುತ್ತಾರೆ. ಒಂದು, ಮೈಲುತುತ್ತ ಬಂದಿದೆಯೇ, ಈ ವರ್ಷ ದರ ಎಷ್ಟು ಎಂದು ವಿಚಾರಿಸುವುದು. ಇನ್ನೊಂದು, ಮಕ್ಕಳ ಕಾಲೇಜಿನ ಖರ್ಚಿಗೆ ಹಣ ಹೊಂದಿಸುವುದು. ಮೊದಲನೆಯದಕ್ಕೆ ಗುಮಾಸ್ತರೇ ಉತ್ತರ ಹೇಳಿ ಕಳಿಸುತ್ತಾರೆ. ಎರಡನೆಯದಕ್ಕೆ ಕುರ್ಚಿ ಎಳೆದು ಕೂರಿಸಿ, ಕಾಫಿ ತರಿಸಿ, ಸಾವಕಾಶವಾಗಿ ಮಾತಾಡಬೇಕಾಗುತ್ತದೆ. ಏಕೆಂದರೆ ಅದು ಬರೀ ಹಣದ ಮಾತಲ್ಲ.

2019ರಲ್ಲಿ ಹೀಗೆ ಬಂದವರು ಕೊಪ್ಪ ಕಡೆಯ ನಮ್ಮೊಬ್ಬ ಹಳೆಯ ಸದಸ್ಯರು. ಮೂರು ಎಕರೆ ಅಡಿಕೆ, ಹಳ್ಳದ ಬದಿಗೆ ಒಂದಿಷ್ಟು ಕಾಫಿ. ಮಗಳು ವಿಜ್ಞಾನ ತೆಗೆದುಕೊಂಡು ಪಿ.ಯು.ಸಿ. ಮುಗಿಸಿದ್ದಳು. ನೀಟ್ ಪರೀಕ್ಷೆಯಲ್ಲಿ ಬಂದ ಅಂಕ ಡಾಕ್ಟರಿಕೆಗೆ ಸಾಲದು. ಬೆಂಗಳೂರಿನ ಖಾಸಗಿ ಕಾಲೇಜೊಂದರಲ್ಲಿ ದುಡ್ಡು ಕಟ್ಟಿದರೆ ಇಂಜಿನಿಯರಿಂಗ್ ಸೀಟು ಸಿಗುತ್ತದೆಂದು ಯಾರೋ ಹೇಳಿದ್ದರು. ಮನೆಯಲ್ಲಿದ್ದ ಅಡಿಕೆಯ ಮೇಲೆ ಸಾಲ ತೆಗೆದು ಅದನ್ನು ಕಟ್ಟುವುದು ತಂದೆಯ ಯೋಚನೆ. ಮಗಳದು ಬೇರೆ ಹಟ. ಜಿಲ್ಲೆಯ ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ. ಸೇರುತ್ತೇನೆ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ ಓದುತ್ತೇನೆ ಎಂದು.

“ಬಿ.ಎಸ್ಸಿ. ಅಂದ್ರೆ ಎಂತ ಮಾರಾಯ್ರೆ, ಎಲ್ಲೂ ಸೀಟು ಸಿಗದವರು ಹೋಗಿ ಕೂರೋದಲ್ವ ಅದು? ನಾಳೆ ನೆಂಟರು ಕೇಳಿದ್ರೆ ಎಂತ ಹೇಳೋದು?” ಎಂದು ಅವರು ನಮ್ಮನ್ನೇ ಕೇಳಿದರು.

ಸತ್ಯ ಹೇಳಬೇಕೆಂದರೆ ಆಗ ನಮ್ಮ ಅಭಿಪ್ರಾಯವೂ ಅದಕ್ಕಿಂತ ಬಹಳ ದೂರ ಇರಲಿಲ್ಲ. ಆದರೂ ಸಂಘದ ಸಾಲ ಕೊಡುವ ಕುರ್ಚಿಯಲ್ಲಿ ಕೂತವರಿಗೆ ಒಂದು ಅಭ್ಯಾಸವಿರುತ್ತದೆ, ಸಾಲವಿಲ್ಲದೆ ಆಗುವ ಕೆಲಸವಿದ್ದರೆ ಅದನ್ನು ಮೊದಲು ನೋಡಿ ಎನ್ನುವುದು. ಒಂದು ವರ್ಷ ನೋಡಿ, ಆಗದಿದ್ದರೆ ಮುಂದಿನ ವರ್ಷ ಬೆಂಗಳೂರು ಇದ್ದೇ ಇದೆ ಎಂದೆವು. ಅರ್ಧ ಮನಸ್ಸಿನಿಂದ ಎದ್ದು ಹೋದರು. ತುಂಬಿದ ಅರ್ಜಿ ನಮ್ಮ ಮೇಜಿನ ಡ್ರಾಯರಿನಲ್ಲಿ ಉಳಿಯಿತು.

ಆ ಮೇಲಿನ ಮೂರು ವರ್ಷ ಆ ಮನೆಯಲ್ಲಿ ಏನೇನಾಯಿತೆಂಬುದನ್ನು ನಾವು ಹತ್ತಿರದಿಂದ ಕಂಡೆವು. ಈಗಲೂ ಪ್ರತಿ ವರ್ಷ ಇದೇ ಪ್ರಶ್ನೆ ಹೊತ್ತು ಸದಸ್ಯರು ಬರುವುದರಿಂದ ಕಂಡದ್ದನ್ನು ಇಲ್ಲಿ ಬರೆದಿಡುತ್ತಿದ್ದೇವೆ.

ಮೊದಲು ಈ ಓದು ಎಂಥದು ಎಂಬುದು. ಆ ಹುಡುಗಿ ಸೇರಿದಾಗ ಮೂರು ವಿಷಯ, ಮೂರು ವರ್ಷ, ಆರು ಸೆಮಿಸ್ಟರು. 2021-22ರಲ್ಲಿ ಹೊಸ ಶಿಕ್ಷಣ ನೀತಿ ಬಂದು ಎರಡು ಮುಖ್ಯ ವಿಷಯ, ಬೇಕಾದವರಿಗೆ ನಾಲ್ಕನೆಯ ವರ್ಷದ ಆನರ್ಸ್ ಎಂದಾಯಿತು. 2024-25ರಿಂದ ರಾಜ್ಯ ಸರ್ಕಾರ ಅದನ್ನು ಕೈಬಿಟ್ಟು ಪುನಃ ಮೂರು ವರ್ಷದ ಪದವಿಗೇ ಮರಳಿತು. ಐದು ವರ್ಷದೊಳಗೆ ಮೂರು ಬಗೆ. ಹೀಗಾಗಿ ಅಕ್ಕ ಓದಿದ್ದೇ ಒಂದು, ತಂಗಿ ಓದಿದ್ದೇ ಒಂದು ಎಂಬಂತಾಗಿರುವ ಮನೆಗಳು ನಮ್ಮಲ್ಲಿ ಹಲವಿವೆ. ಸೇರಿಸುವಾಗ ನೆರೆಮನೆಯವರ ಮಾತು ನಂಬದೆ ಆ ವರ್ಷದ ನಿಯಮವನ್ನು ಕಾಲೇಜಿನಲ್ಲೇ ಕೇಳಿ ತಿಳಿಯುವುದು ಒಳ್ಳೆಯದು.

ಪಾಠದ ಜತೆಗೆ ಪ್ರತಿ ವಿಷಯಕ್ಕೂ ಪ್ರಯೋಗದ ತರಗತಿ ಇರುತ್ತದೆ. ಮಧ್ಯಾಹ್ನ ಊಟದ ಮೇಲೆ ಪ್ರಯೋಗಶಾಲೆಗೆ ಹೋದರೆ ಸಂಜೆಯ ಬಸ್ಸಿಗೇ ಹೊರಬರುವುದು. ಕಂಡದ್ದನ್ನು ಪೆನ್ಸಿಲಿನಲ್ಲಿ ಚಿತ್ರ ಬರೆದು, ಭಾಗಗಳಿಗೆ ಗೆರೆ ಎಳೆದು ಹೆಸರು ಹಾಕಿ, ಅಧ್ಯಾಪಕರ ಸಹಿ ಮಾಡಿಸಿಕೊಳ್ಳಬೇಕು. ಇದಕ್ಕೆ ರೆಕಾರ್ಡ್ ಎನ್ನುತ್ತಾರೆ. ಇಸವಿ 1975ರ ಸುಮಾರಿಗೆ ಕಾಲೇಜು ಕಂಡ ನಮ್ಮ ಹಿರಿಯ ಸದಸ್ಯರಿಗೆ ಕಪ್ಪೆ ಕೊಯ್ದ ನೆನಪಿರಬಹುದು, ಜತೆಗೆ ಆ ಫಾರ್ಮಲಿನ್ ವಾಸನೆಯೂ. ಈಗ ಅದಿಲ್ಲ. ಪದವಿ ತರಗತಿಗಳಲ್ಲಿ ಪ್ರಾಣಿಗಳನ್ನು ಕೊಯ್ಯುವುದನ್ನು ನಿಲ್ಲಿಸಬೇಕೆಂದು 2014ರಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗ ಸೂಚಿಸಿತು. ನಮ್ಮ ಕಡೆಯ ಹಳ್ಳಗಳ ಕಪ್ಪೆಗಳಿಗೆ ಈ ವಿಷಯ ತಿಳಿದಿದ್ದರೆ ಸಂತೋಷಪಡುತ್ತಿದ್ದವು.

ಸಸ್ಯಶಾಸ್ತ್ರದವರಿಗೆ ಗಿಡಗಳನ್ನು ಕಿತ್ತು ತಂದು, ಒತ್ತಿ ಒಣಗಿಸಿ, ಕಾಗದಕ್ಕೆ ಅಂಟಿಸಿ, ಕುಲ ಗೋತ್ರ ಬರೆಯುವ ಕೆಲಸವುಂಟು. ಹರ್ಬೇರಿಯಂ ಎಂದು ಅದರ ಹೆಸರು. ಹುಡುಗಿ ಮೊದಲ ಸಲ ಈ ಕೆಲಸಕ್ಕೆ ಹೊರಟದ್ದು ಮಳೆಗಾಲದಲ್ಲಿ. ಮಲೆನಾಡಿನ ಜುಲೈ ತಿಂಗಳಲ್ಲಿ ಎಲೆ ಒಣಗಿಸುವುದೆಂದರೇನು ಎಂಬುದನ್ನು ಓದುಗರಿಗೆ ಹೇಳಬೇಕಾಗಿಲ್ಲ, ಮೈಮೇಲಿನ ಬಟ್ಟೆಗೇ ಬೂಷ್ಟು ಬರುವ ಕಾಲ. ಹಳೆಯ ದಿನಪತ್ರಿಕೆಗಳ ನಡುವೆ ಗಿಡ ಇಟ್ಟು, ಮೇಲೆ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮಣೆ ಹೇರಿ, ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಇಟ್ಟಳು. ಅಜ್ಜಿಗೆ ಮೊದಲು ಇದು ಹುಚ್ಚಾಟವಾಗಿ ಕಂಡಿತು. ಆಮೇಲೆ ಅವರೇ ಜತೆಗೆ ಬಂದು, ಇದು ಒಂದೆಲಗ, ಇದು ನೆಲನೆಲ್ಲಿ, ಇದು ತುಂಬೆ, ಇದನ್ನು ಬಾಣಂತಿಗೆ ಕೊಡುವುದು ಎಂದು ತೋಟದ ಕಪ್ಪಿನ ಬದಿಯಲ್ಲಿ ಕೋಲು ಊರಿಕೊಂಡು ತೋರಿಸತೊಡಗಿದರು. ಲ್ಯಾಟಿನ್ ಹೆಸರು ಮೊಮ್ಮಗಳದು, ತಂಬುಳಿಯ ಕ್ರಮ ಅಜ್ಜಿಯದು.

ಸಸ್ಯಶಾಸ್ತ್ರದ ಮೇಷ್ಟರು ಮತ್ತು ಅವರ ಹುಡುಗರು ಕಾಡು ಸುತ್ತುವುದರ ಸೊಗಸು ಕನ್ನಡದ ಓದುಗರಿಗೆ ಹೊಸತಲ್ಲ. ಮದರಾಸಿನ ಸರ್ಕಾರಿ ಕಾಲೇಜಾದ ಪ್ರೆಸಿಡೆನ್ಸಿಯಲ್ಲಿ ಸಸ್ಯಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳ ಜತೆ ಗಿಡ ಹುಡುಕಲು ಹೋದದ್ದನ್ನೇ ‘ಹಸುರು ಹೊನ್ನು’ ಎಂದು ಬರೆದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ನಮ್ಮ ಸಂಘದ ಪುಸ್ತಕದ ಬೀರುವಿನಲ್ಲಿ ಅದರ ಪ್ರತಿ ಇದೆ. ತಂದೆಯವರಿಗೆ ನಾವು ಕೊಟ್ಟ ಮೊದಲ ಸಾಲ ಅದೇ. ಇನ್ನೂ ಹಿಂದಿರುಗಿಸಿಲ್ಲ.

2020ರ ಮಾರ್ಚ್‌ನಲ್ಲಿ ಕೊರೋನಾ ಬಂದು ಕಾಲೇಜು ಮುಚ್ಚಿತು. ಪಾಠ ಫೋನಿನಲ್ಲಿ ಎಂದಾಯಿತು. ಮನೆಯಲ್ಲಿ ಸಿಗ್ನಲ್ ಸಿಗುವುದಿಲ್ಲವಾಗಿ ಹುಡುಗಿ ಮನೆಯ ಹಿಂದಿನ ಗುಡ್ಡದ ತುದಿಗೆ ಹೋಗಿ, ಕೊಡೆ ಹಿಡಿದುಕೊಂಡು, ಕಾಲಿಗೆ ಇಂಬಳ ಹತ್ತದ ಹಾಗೆ ಸುಣ್ಣ ತಂಬಾಕು ಹಚ್ಚಿಕೊಂಡು ಪಾಠ ಕೇಳುತ್ತಿದ್ದಳು. ಇದು ಅವಳೊಬ್ಬಳ ಕಥೆಯಲ್ಲ. ಆ ವರ್ಷ ಮಲೆನಾಡಿನ ಗುಡ್ಡಗಳ ಮೇಲೆಲ್ಲ ಕಾಲೇಜುಗಳಿದ್ದವು. ಆದರೆ ಪ್ರಯೋಗಶಾಲೆ ಗುಡ್ಡಕ್ಕೆ ಬರುವುದಿಲ್ಲವಲ್ಲ. ಜೀವಶಾಸ್ತ್ರದಲ್ಲಿ ಅರ್ಧ ಓದು ಕಣ್ಣಿನದು. ಅದು ಆ ಮಕ್ಕಳಿಗೆ ಒಂದು ವರ್ಷ ತಪ್ಪಿಹೋಯಿತು.

ಆ ವರ್ಷದ ಮಳೆಗಾಲದಲ್ಲೇ ನಾವು ಹೇಳಬೇಕೆಂದಿರುವ ಸಂಗತಿ ನಡೆದದ್ದು.

ಆಗಸ್ಟಿನ ಹೊತ್ತಿಗೆ ಹಳ್ಳದ ಬದಿಯ ಕಾಫಿಗೆ ಕೊಳೆ ಬಂತು. ಎಲೆ ಕಪ್ಪಾಗಿ, ಕೊಳೆತು, ಕಳಚಿದರೂ ಕೆಳಗೆ ಬೀಳದೆ ನೂಲಿನ ಹಾಗಿನ ಎಳೆಯೊಂದರಲ್ಲಿ ಗೆಲ್ಲಿಗೆ ನೇತಾಡುತ್ತಿತ್ತು. ಕಾಯಿಗಳೂ ಕಪ್ಪಾಗಿ ಉದುರತೊಡಗಿದವು. ತಂದೆಯವರ ಉಗ್ರಾಣದಲ್ಲಿ ಹಿಂದಿನ ವರ್ಷ ಅಡಿಕೆಯ ಕೊಳೆಗೆಂದು ಅಂಗಡಿಯಿಂದ ತಂದ ಬೆಲೆಬಾಳುವ ಪುಡಿ ಮಿಕ್ಕಿತ್ತು. ಅದರಲ್ಲಿದ್ದದ್ದು ಮೆಟಲಾಕ್ಸಿಲ್ ಎಂಬ ಮದ್ದು. ಅಡಿಕೆಗೆ ಕೆಲಸ ಮಾಡಿದ್ದನ್ನು ಅವರೇ ಕಂಡಿದ್ದರು. ಕೊಳೆಗೆ ಕೊಳೆಯ ಮದ್ದು, ಇದರಲ್ಲಿ ಯೋಚಿಸುವುದೇನಿದೆ? ಮಳೆ ಬಿಡುವು ಕೊಟ್ಟ ದಿನ ಸ್ಪ್ರೇಯರ್ ಹೊರಿಸಿ ಹೊರಟರು.

ಹುಡುಗಿ ಅಂಗಳಕ್ಕೆ ಬಂದು, “ಅಪ್ಪಯ್ಯ, ಅಡಿಕೆ ಕೊಳೆಯೇ ಬೇರೆ, ಕಾಫಿ ಕೊಳೆಯೇ ಬೇರೆ. ಆ ಪುಡಿ ಇದಕ್ಕೆ ತಾಗೋದಿಲ್ಲ” ಎಂದಳು.

“ಒಂದು ವರ್ಷ ಕಾಲೇಜಿಗೆ ಹೋಗಿದ್ದಕ್ಕೆ ನಂಗೇ ಹೇಳಲಿಕ್ಕೆ ಬಂದ್ಯ? ನಾನು ಕೊಳೆ ನೋಡ್ಲಿಕ್ಕೆ ಹಿಡಿದು ಮೂವತ್ತು ವರ್ಷ ಆಯ್ತು” ಎಂದು ತಂದೆ ಗದರಿದರು. ಪುಡಿ ಕಲಸಿ ಹೊಡೆದರು. ಕೊಳೆ ನಿಲ್ಲಲಿಲ್ಲ. ಹಳ್ಳದ ಬದಿಯ ಫಸಲಿನಲ್ಲಿ ಅರ್ಧಕ್ಕರ್ಧ ಗಿಡದ ಬುಡದಲ್ಲೇ ಕೊಳೆಯಿತು. ಪುಡಿಯ ಹಣ, ಆಳಿನ ಹಣ ಬೇರೆ. ತಂದೆ ಮಗಳು ಕೆಲವು ದಿನ ಮಾತು ಬಿಟ್ಟಿದ್ದರೆಂದು ಮನೆಯಾಕೆ ನಮ್ಮ ಮನೆಯವರ ಹತ್ತಿರ ಹೇಳಿಕೊಂಡಿದ್ದರು.

ಹುಡುಗಿಗೆ ಇದು ಹೇಗೆ ಗೊತ್ತಿತ್ತು? ಮೊದಲ ಸೆಮಿಸ್ಟರಿನ ಶಿಲೀಂಧ್ರಗಳ ಪಾಠದಲ್ಲಿ. ನಾವು ಎರಡನ್ನೂ ಕೊಳೆರೋಗವೆಂದೇ ಕರೆಯುತ್ತೇವೆ. ಮಳೆಗೆ ಬರುತ್ತದೆ, ಕೊಳೆಸುತ್ತದೆ, ಹೆಸರು ತಪ್ಪಲ್ಲ. ಆದರೆ ಅಡಿಕೆಯನ್ನು ಕೊಳೆಸುವುದು ಫೈಟಾಫ್ಥೊರ ಎಂಬ ಜೀವಿ. ಹಿಂದಿನವರು ಅದನ್ನು ಶಿಲೀಂಧ್ರವೆಂದೇ ಎಣಿಸಿದ್ದರು. ನಿಜವಾಗಿ ಅದು ಊಮೈಸೀಟ್ ಎಂಬ ಬೇರೆ ವಂಶದ್ದು. ಅಣಬೆಗಿಂತ ಕಡಲಿನ ಕಂದು ಪಾಚಿಗೆ ಹತ್ತಿರದ ನೆಂಟ. ಅಣಬೆಯ ವಂಶದವುಗಳ ಜೀವಕೋಶದ ಗೋಡೆ ಕೈಟಿನ್ನಿನದು, ಅಂದರೆ ಏಡಿ, ಜೀರುಂಡೆಗಳ ಚಿಪ್ಪಿನಲ್ಲಿರುವ ವಸ್ತು. ಫೈಟಾಫ್ಥೊರದ ಗೋಡೆ ಮುಖ್ಯವಾಗಿ ಗಿಡಗಳಲ್ಲಿರುವಂತೆ ಸೆಲ್ಯುಲೋಸಿನ ಬಳಗದ್ದು. ಕಾಫಿಯನ್ನು ಕೊಳೆಸುವುದಾದರೋ ಅಣಬೆಯ ವಂಶದ ಅಸಲು ಶಿಲೀಂಧ್ರ. ಎಲೆಗಳು ನೂಲಿನಲ್ಲಿ ನೇತಾಡುವುದು ಅದರದೇ ಎಳೆಗಳಿಂದ. ಎಲೆಗೆ ಎಲೆ ತಾಗಿ ಅದು ಹಬ್ಬುತ್ತದೆ. ಮೆಟಲಾಕ್ಸಿಲ್ ಊಮೈಸೀಟ್ ಬಳಗಕ್ಕೇ ಮೀಸಲಾದ ಮದ್ದು. ದನದ ಕಾಯಿಲೆಗೆ ಕೊಟ್ಟ ಔಷಧವನ್ನು ಕೋಳಿಗೆ ಹಾಕಿದ ಹಾಗಾಯಿತು ಇದು.

ಇಲ್ಲೊಂದು ಸ್ವಾರಸ್ಯವಿದೆ, ಬಿಡಲು ಮನಸ್ಸಿಲ್ಲ. ಕಾಫಿಯ ಈ ಶಿಲೀಂಧ್ರಕ್ಕೆ 1876ರಲ್ಲಿ ಇಂಗ್ಲೆಂಡಿನ ಕುಕ್ ಎಂಬ ತಜ್ಞರು ಹೆಸರಿಡುವಾಗ ನಮ್ಮ ‘ಕೊಳೆರೋಗ’ ಎಂಬ ಮಾತನ್ನೇ ಎತ್ತಿಕೊಂಡು ಪೆಲ್ಲಿಕ್ಯುಲೇರಿಯ ಕೊಳೆರೋಗ ಎಂದು ಕರೆದರು. 1958ರಲ್ಲಿ ಡಾಂಕ್ ಎಂಬ ಡಚ್ ವಿದ್ವಾಂಸರು ಅದರ ಕುಲಕ್ಕೇ ಆ ಹೆಸರಿಟ್ಟು ಕೊಳೆರೋಗ ನಾಕ್ಸಿಯ ಎಂದರು. ನಾಕ್ಸಿಯ ಎಂದರೆ ಹಾನಿಕರ. ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷ್ ಪುಸ್ತಕದ ಒಂದೊಂದು ಪುಟಕ್ಕೂ ನಿಘಂಟು ತೆರೆಯುತ್ತಿದ್ದ ಹುಡುಗಿಗೆ ಲ್ಯಾಟಿನ್ ಹೆಸರುಗಳ ಪಟ್ಟಿಯ ನಡುವೆ ತನ್ನ ಮನೆಯ ಮಾತು ಕಂಡಾಗ ಬೆಂಚಿನ ಮೇಲೆ ಕೂತಲ್ಲೇ ಜೋರಾಗಿ ನಗು ಬಂತಂತೆ. ಅಧ್ಯಾಪಕರು ಎದ್ದು ನಿಲ್ಲಿಸಿದರು. ಏಕೆಂದು ಹೇಳಿದ ಮೇಲೆ ಅವರೂ ನಕ್ಕು, ಎರಡು ಕೊಳೆರೋಗಗಳ ವ್ಯತ್ಯಾಸವನ್ನು ಆ ದಿನ ಪಠ್ಯದಲ್ಲಿಲ್ಲದಿದ್ದರೂ ಹೇಳಿಕೊಟ್ಟರು. ಪಠ್ಯದಲ್ಲಿದ್ದದ್ದು 1845ರಲ್ಲಿ ಐರ್ಲೆಂಡಿನ ಬರಗಾಲಕ್ಕೆ ಕಾರಣವಾದ ಆಲೂಗೆಡ್ಡೆಯ ಫೈಟಾಫ್ಥೊರ. ಅದನ್ನು ಓದಬಾರದೆಂದು ನಾವು ಹೇಳುವುದಿಲ್ಲ. ಅಡಿಕೆ ಬೆಳೆಯುವ ಜಿಲ್ಲೆಯ ಮಕ್ಕಳಿಗೆ ಅಡಿಕೆಯದನ್ನೂ ಒಂದು ಪುಟ ಸೇರಿಸಿದರೆ ಯಾರ ಗಂಟು ಹೋಗುತ್ತಿತ್ತು?

2021ರ ಮಳೆಗಾಲದಲ್ಲಿ ಕಾಲೇಜು ಪುನಃ ತೆರೆಯಿತು. ಹುಡುಗಿ ತೋಟದಲ್ಲಿ ಉದುರಿದ ಕೊಳೆ ಅಡಿಕೆಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿಕೊಂಡು ಹೋದಳು. ಮರುದಿನ ತಂದೆಗೆ ಪೇಟೆಯಲ್ಲಿ ಕೆಲಸವಿತ್ತು, ನಮಗೂ ಬ್ಯಾಂಕಿನ ಕೆಲಸ. ಅಧ್ಯಾಪಕರ ಅನುಮತಿ ಕೇಳಿ ನಾವಿಬ್ಬರೂ ಪ್ರಯೋಗಶಾಲೆಗೆ ಹೋದೆವು. ತಂದೆಯವರು ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ದೇವಸ್ಥಾನಕ್ಕೆ ಹೋದಂತೆ ಒಳಗೆ ಬಂದರು.

ಕೊಳೆತ ಭಾಗದ ಅಂಚಿನಿಂದ ಚೂರು ಕೊಯ್ದು ಹಿಂದಿನ ದಿನವೇ ತಟ್ಟೆಯ ನೀರಿನಲ್ಲಿ ಇಟ್ಟಿದ್ದರು. ಆ ದಿನ ತಟ್ಟೆಯನ್ನು ಸ್ವಲ್ಪ ಹೊತ್ತು ತಣ್ಣಗೆ ಮಾಡಿ, ಒಂದು ಹನಿಯನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಡಿ ಸರಿಸಿದರು. ಮೊದಲು ಕಂಡದ್ದು ನಿಂಬೆಹಣ್ಣಿನ ಆಕಾರದ, ತುದಿಯಲ್ಲಿ ಚಿಕ್ಕ ಮೊಲೆಯಂಥ ಮೊನೆಯಿದ್ದ ಚೀಲಗಳು. ನೋಡುತ್ತಿದ್ದಂತೆ ಒಂದು ಚೀಲದೊಳಗೆ ಏನೋ ಮಿಸುಕಾಡಿತು. ತುದಿ ತೆರೆಯಿತು. ಒಳಗಿನಿಂದ ಒಂದರ ಹಿಂದೊಂದು ಚಿಕ್ಕ ಚಿಕ್ಕ ಜೀವಿಗಳು ಹೊರಬಿದ್ದು ಮಳೆಗಾಲದ ಹೊಂಡದ ಗೊದಮೊಟ್ಟೆಗಳಂತೆ ಈಜತೊಡಗಿದವು.

ತಂದೆ ಕಣ್ಣು ತೆಗೆಯಲಿಲ್ಲ. ಬಹಳ ಹೊತ್ತಿನ ಮೇಲೆ, “ಇವು ಈಜ್ತಾವಲ್ಲ ಮಾರಾಯ್ರೆ” ಎಂದರು.

ಅಷ್ಟೇ ಮಾತು. ಆದರೆ ಅಷ್ಟರಲ್ಲಿ ಅವರಿಗೆ ಬಹಳ ವಿಷಯ ಹೊಳೆದಿತ್ತು. ಈಜುವುದಕ್ಕೆ ನೀರು ಬೇಕು. ಕಾಯಿಯ ಮೇಲೆ ನೀರಿನ ಪೊರೆ ಆರದೆ ನಿಲ್ಲುವುದು ಬಿಡದೆ ಹನಿಯುವ ಮಳೆಯಲ್ಲಿ. ನಮ್ಮ ಹಿರಿಯರು ಗೊನೆಗೆ ಕೊಟ್ಟೆ ಕಟ್ಟುತ್ತಿದ್ದದ್ದು ಗೊನೆ ಒದ್ದೆಯಾಗದಿರಲಿ ಎಂದು. ಈ ಈಜುವವನನ್ನು ಕಾಣದೆಯೇ ಅವನ ದಾರಿ ಕಟ್ಟಿದ್ದರು. ಬೋರ್ಡೋ ದ್ರಾವಣ ಕಾಯಿಯ ಹೊರಮೈಯಲ್ಲಿ ಕೂತು ಕಾಯುವ ಮದ್ದು. ಇವನು ಬಂದು ಕೂತು ಮೊಳೆಯುವ ಮೊದಲೇ ತಾಮ್ರ ಅಲ್ಲಿರಬೇಕು. ಒಳಗೆ ಹೊಕ್ಕ ಮೇಲೆ ಹೊಡೆದರೆ ಕಳ್ಳ ಒಳಗಿರುವಾಗ ಬಾಗಿಲು ಹಾಕಿದಂತೆ. ಮಳೆ ಹಿಡಿಯುವ ಮೊದಲೇ ಮೊದಲ ಸಿಂಪರಣೆ ಮುಗಿಸಿ, ನಲವತ್ತು ನಲವತ್ತೈದು ದಿನದ ಮೇಲೆ ಇನ್ನೊಮ್ಮೆ ಹೊಡೆಯಿರಿ ಎಂದು ಈ ಪತ್ರಿಕೆಯಲ್ಲಿ ಎಷ್ಟು ವರ್ಷದಿಂದ ಬರೆಯುತ್ತಿದ್ದೇವೆ! ನಮ್ಮ ಬರಹ ಮಾಡದ ಕೆಲಸವನ್ನು ಆ ಹನಿ ನೀರು ಮಾಡಿತು.

ಇನ್ನು ಆ ಬೋರ್ಡೋ ದ್ರಾವಣದ ಹುಟ್ಟು. ಬೋರ್ಡೋ ಎಂಬುದು ಫ್ರಾನ್ಸಿನ ಒಂದು ಊರು. ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರ ಪ್ರಾಧ್ಯಾಪಕರಿದ್ದರು. 1882ರಲ್ಲಿ ದ್ರಾಕ್ಷಿ ತೋಟಗಳ ಬದಿಯಲ್ಲಿ ನಡೆದು ಹೋಗುವಾಗ ಎಲ್ಲ ಕಡೆ ಬೂಷ್ಟು ರೋಗದಿಂದ ಎಲೆ ಉದುರಿದ್ದರೂ ದಾರಿಯಂಚಿನ ಸಾಲುಗಳಲ್ಲಿ ಮಾತ್ರ ಎಲೆ ಹಸಿರಾಗಿದ್ದದ್ದು ಅವರ ಕಣ್ಣಿಗೆ ಬಿತ್ತು. ವಿಚಾರಿಸಿದರೆ, ದಾರಿಹೋಕರು ಹಣ್ಣು ಕದಿಯದಿರಲೆಂದು, ವಿಷವೆಂದು ಕಾಣುವಂತೆ ತೋಟದವರು ಮೈಲುತುತ್ತ ಸುಣ್ಣ ಕಲಸಿ ಎರಚಿದ್ದರು. ಮಿಲಾರ್ಡೆಯವರು ರಸಾಯನಶಾಸ್ತ್ರದ ಗೆಯೋನ್ ಎಂಬ ಸಹೋದ್ಯೋಗಿಯ ಜತೆಗೆ ಪ್ರಯೋಗ ಮಾಡಿ 1885ರಲ್ಲಿ ಅದನ್ನು ಪ್ರಕಟಿಸಿದರು. ದ್ರಾಕ್ಷಿಯ ಆ ಬೂಷ್ಟು ಕೂಡ ನಮ್ಮ ಅಡಿಕೆ ಕೊಳೆಯ ಬಳಗದ್ದೇ. ಅದೃಷ್ಟಕ್ಕೆ ತಾಮ್ರ ಎರಡೂ ವಂಶದವುಗಳಿಗೆ ತಾಗುತ್ತದೆ. ಹಳ್ಳದ ಬದಿಯ ಕಾಫಿಗೂ ಮುಂಗಾರಿಗೆ ಮೊದಲೇ ಬೇಕಾಗಿದ್ದದ್ದು ಅದೇ, ಜತೆಗೆ ನೆರಳು ತೆಳುವು ಮಾಡಿ, ಗಿಡದ ನಡುವನ್ನು ಬಿಡಿಸಿ, ಕೊಳೆತ ಎಲೆ ಆರಿಸಿ ತೆಗೆಯುವುದು.

ಆ ದ್ರಾವಣವನ್ನು ನಮ್ಮ ಅಡಿಕೆಗೆ ಗಂಟು ಹಾಕಿದವರು ಕೆನಡಾದ ಲೆಸ್ಲಿ ಕೋಲ್ಮನ್. ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಜೀವಶಾಸ್ತ್ರ ಓದಿ, ಜರ್ಮನಿಯಲ್ಲಿ ಡಾಕ್ಟರೇಟ್ ಪಡೆದು, 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದವರು. ಮಲೆನಾಡಿನ ಮಳೆಯಲ್ಲಿ ತೋಟ ತಿರುಗಿ, ಅಡಿಕೆಯ ಕೊಳೆಗೆ ಫೈಟಾಫ್ಥೊರ ಕಾರಣವೆಂದು 1910ರಲ್ಲಿ ಬರೆದು, ಬೋರ್ಡೋ ಹೊಡೆಯುವುದನ್ನು ಕಲಿಸಿದರು. ಬಾಳೆಹೊನ್ನೂರಿನ ಬಳಿ 1925ರಲ್ಲಿ ಕಾಫಿ ಪ್ರಯೋಗ ಕೇಂದ್ರ ಆರಂಭವಾದದ್ದೂ ಅವರ ಪ್ರಯತ್ನದಿಂದ. ನಾವು ಪ್ರತಿ ಮುಂಗಾರಿಗೆ ತುತ್ತ ಸುಣ್ಣ ಕಲಸುವಾಗ ಇಬ್ಬರು ಬಯಾಲಜಿ ಓದಿದವರ ಋಣದಲ್ಲಿ ಕೈ ಅದ್ದುತ್ತೇವೆ. ಸೀಟು ಸಿಗದವರ ಓದು ಎಂದು ತಂದೆಯವರು ಅಂದಾಗ ಇದನ್ನು ಹೇಳುವಷ್ಟು ನಮಗೂ ತಿಳಿದಿರಲಿಲ್ಲ.

ಕಾಫಿಯವರಿಗೆ ಇನ್ನೊಂದು ಮಾತು. ತಳಿಶಾಸ್ತ್ರದ ಪಾಠದಲ್ಲಿ ಬಟಾಣಿ ಗಿಡ, ಹಣ್ಣಿನ ನೊಣ ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಆ ಪಾಠ ಗೊತ್ತಿದ್ದವರಿಗೆ ಅರೇಬಿಕಾದಲ್ಲಿ 44 ವರ್ಣತಂತುಗಳು, ರೊಬಸ್ಟಾದಲ್ಲಿ 22 ಎಂದ ಕೂಡಲೇ ಎರಡನ್ನೂ ಕೂಡಿಸುವುದು ಏಕೆ ಕಷ್ಟವೆಂದು ಹೊಳೆಯುತ್ತದೆ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ; ರೊಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು. ಹೂಮಳೆಯ ಮೇಲೆ ರೊಬಸ್ಟಾ ತೋಟದಲ್ಲಿ ಜೇನು ಕಾಣದಿದ್ದರೆ ಚಿಂತಿಸಬೇಕಾದದ್ದೇಕೆ, ಒಳ್ಳೆಯ ರೊಬಸ್ಟಾ ಗಿಡದ ಬೀಜ ಹಾಕಿದರೂ ತಾಯಿಯಂಥ ಗಿಡ ಬರುವುದಿಲ್ಲವೇಕೆ, ಇವೆಲ್ಲ ಅದೇ ಪಾಠದ ಮುಂದುವರಿಕೆ. ಬಿಳಿ ಕಾಂಡಕೊರಕದ ಜೀವನಕ್ರಮ ಪ್ರಾಣಿಶಾಸ್ತ್ರದವರ ಪಾಲು.

ಕುಂದುಕೊರತೆಗಳನ್ನು ಮುಚ್ಚಿಡುವುದು ಸರಿಯಲ್ಲ. ಆ ಹುಡುಗಿಯ ಕಾಲೇಜಿನಲ್ಲಿ ಸರಿಯಾಗಿ ಕೆಲಸ ಮಾಡುತ್ತಿದ್ದ ಸೂಕ್ಷ್ಮದರ್ಶಕಕ್ಕೆ ಆರೇಳು ಮಕ್ಕಳ ಸಾಲು. ಒಂದು ವಿಷಯಕ್ಕೆ ಅತಿಥಿ ಉಪನ್ಯಾಸಕರು ನೇಮಕವಾಗಿ ಬರುವಷ್ಟರಲ್ಲಿ ಸೆಮಿಸ್ಟರು ಅರ್ಧ ಕಳೆದಿತ್ತು. ಬಂದವರು ಶ್ರದ್ಧೆಯಿಂದ ಪಾಠ ಮಾಡಿದರು. ಆದರೆ ಮುಂದಿನ ವರ್ಷ ತಮಗೆ ಕೆಲಸ ಉಂಟೋ ಇಲ್ಲವೋ ಎಂಬ ಚಿಂತೆ ಹೊತ್ತವರು ಎಷ್ಟು ಪಾಠ ಮಾಡಿಯಾರು? ಬಸ್ಸಿನದು ಬೇರೆ ಕಥೆ. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಬಂದದ್ದು 2023ರಲ್ಲಿ, ಇವಳ ಓದು ಮುಗಿದ ಮೇಲೆ. ಬಂದಿದ್ದರೂ ಸರ್ಕಾರಿ ಬಸ್ಸು ನಮ್ಮ ಕಡೆಯ ಎಷ್ಟು ಹಳ್ಳಿಗೆ ಬರುತ್ತದೆ? ಕಾರ್ಮಿಕರೇ ನಡೆಸುತ್ತಿದ್ದ ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತದ್ದನ್ನು ಸಹಕಾರ ಕ್ಷೇತ್ರದವರಾದ ನಾವು ನೆನೆಯದೆ ಇರಲಾರೆವು.

ಹಿಂದೆ ಇದಕ್ಕಿಂತ ಕಷ್ಟವಿತ್ತೆಂಬುದೂ ನಿಜ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೂ ಬಹುಕಾಲ ವಿಜ್ಞಾನದ ಹೆಚ್ಚಿನ ಓದಿಗೆ ಮಲೆನಾಡಿನವರು ಘಟ್ಟ ಬಿಟ್ಟು ಮೈಸೂರಿಗೋ ಬೆಂಗಳೂರಿಗೋ ಹೋಗಬೇಕಾಗಿತ್ತು. ಗಂಡುಮಕ್ಕಳೇ ಕೆಲವರು, ಹೆಣ್ಣುಮಕ್ಕಳ ಮಾತು ದೂರವೇ ಉಳಿಯಿತು. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ, 1987ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಬಂದ ಮೇಲೆ ಎಂ.ಎಸ್ಸಿ.ಯೂ ಭದ್ರಾ ಅಣೆಕಟ್ಟಿನ ಹತ್ತಿರಕ್ಕೆ ಬಂತು.

ಉದ್ಯೋಗದ ಪ್ರಶ್ನೆ ಕೇಳದೆ ಯಾರೂ ಏಳುವುದಿಲ್ಲ. ಬಿ.ಎಸ್ಸಿ. ಒಂದರಿಂದಲೇ ಉದ್ಯೋಗ ಬಾಗಿಲಿಗೆ ಬರುವುದಿಲ್ಲವೆಂದು ನಾವು ನೇರವಾಗಿ ಹೇಳಿಬಿಡುತ್ತೇವೆ. ಮೇಲೆ ಎರಡು ವರ್ಷ ಬಿ.ಎಡ್. ಮಾಡಿದರೆ ಶಾಲೆಯ ಮೇಷ್ಟರಿಕೆಗೆ ಅರ್ಹತೆ. ಎಂ.ಎಸ್ಸಿ. ಮಾಡಿ ಅರ್ಹತಾ ಪರೀಕ್ಷೆ ಪಾಸಾದರೆ ಕಾಲೇಜು, ಮುಂದೆ ಸಂಶೋಧನೆ. ಭಾರತೀಯ ಅರಣ್ಯ ಸೇವೆಯ ಪರೀಕ್ಷೆ ಬರೆಯಲು ಪದವಿಯಲ್ಲಿ ಇಂಥ ವಿಜ್ಞಾನ ವಿಷಯ, ಇಲ್ಲವೆ ಕೃಷಿ, ಇಂಜಿನಿಯರಿಂಗ್‌ನಂಥ ಪದವಿ ಇರಲೇಬೇಕು. ಒಟ್ಟಿನಲ್ಲಿ ಐದು ವರ್ಷದ ದಾರಿ ಎಂದು ತಿಳಿದು ಹೊರಡಬೇಕು. ಮೂರಕ್ಕೆ ನಿಲ್ಲಿಸುವವರಿಗೆ ನಿರಾಶೆಯಾದರೆ ಆಶ್ಚರ್ಯವಿಲ್ಲ. ಕೃಷಿ ಬಿ.ಎಸ್ಸಿ. ಇದೇ ಅಲ್ಲವೇ ಎಂದು ಕೇಳುವವರುಂಟು. ಅಲ್ಲ. ಅದು ಕೃಷಿ ವಿಶ್ವವಿದ್ಯಾನಿಲಯಗಳಲ್ಲಿ ನಾಲ್ಕು ವರ್ಷದ ಓದು, ಸಿ.ಇ.ಟಿ. ಮೂಲಕ ಪ್ರವೇಶ, ರೈತರ ಮಕ್ಕಳಿಗೆ ಪ್ರತ್ಯೇಕ ಪಾಲು. ಸಿಕ್ಕಿದರೆ ಬಿಡಬಾರದು. ಸಿಗಲಿಲ್ಲವೆಂದು ಮಗುವನ್ನು ಮನಸ್ಸಿಲ್ಲದ ಕಡೆಗೆ ಸಾಲ ಮಾಡಿ ತಳ್ಳುವುದೂ ಬೇಡ.

ಆ ಹುಡುಗಿ 2022ರಲ್ಲಿ ಪದವಿ ಮುಗಿಸಿ, ಶಂಕರಘಟ್ಟದಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮಾಡಿದಳು. ಈಗ ಒಂದು ಕಡೆ ಪಾಠ ಮಾಡುತ್ತ ಮುಂದಿನ ಪರೀಕ್ಷೆಗೆ ಓದುತ್ತಿದ್ದಾಳೆ. ಸಂಬಳ ಹೇಳಿಕೊಳ್ಳುವಂಥದಲ್ಲವೆಂದು ಅವಳೇ ನಗುತ್ತ ಹೇಳಿದಳು. ಹಳ್ಳದ ಬದಿಯ ಕಾಫಿಯಲ್ಲಿ ನೆರಳು ತೆಳುವಾಗಿದೆ. ಅಲ್ಲಿ ಎಲೆ ನೂಲಿನಲ್ಲಿ ನೇತಾಡುವುದು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.

ಈ ಸಲ ಮೇ ತಿಂಗಳಲ್ಲಿ ತಂದೆಯವರು ಎಂದಿಗಿಂತ ಒಂದು ವಾರ ಮೊದಲೇ ಬಂದು ಮೈಲುತುತ್ತ ತೂಗಿಸಿದರು. ನೂರು ಲೀಟರಿಗೆ ಕಿಲೋ ತುತ್ತ, ಕಿಲೋ ಸುಣ್ಣದ ಲೆಕ್ಕ. ಹೊಸದಾಗಿ ಸೇರಿದ ನಮ್ಮ ಗುಮಾಸ್ತ ಹುಡುಗನಿಗೆ, ಕಲಸಿದ ಮೇಲೆ ಹರಿತದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ನೋಡಬೇಕು, ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಎಂದು ಅರ್ಥ, ಅದು ಏಕೆ ಹಾಗೆ ಗೊತ್ತುಂಟಾ ಎಂದು ವಿವರಿಸುತ್ತ ನಿಂತರು. ಕಿರಿಯ ಮಗನ ಪಿ.ಯು.ಸಿ. ಮುಗಿದಿತ್ತು. ಅವನಿಗೇನು ಮಾಡಿಸುತ್ತೀರಿ, ಸಾಲದ ಅರ್ಜಿ ಕೊಡಲೇ ಎಂದು ನಾವು ಕೇಳಿದೆವು.

“ಅವನ ಅಕ್ಕ ಬರೋ ಭಾನುವಾರ ಬರ್ತಾಳೆ. ಅವರಿಬ್ಬರೂ ಕೂತು ಮಾತಾಡಿಕೊಳ್ಳಲಿ ಅಂದಿದ್ದೀನಿ. ಈಗ ತುತ್ತದ ಬಿಲ್ಲು ಕೊಡಿ, ಮೋಡ ಕಟ್ಟಿದೆ” ಎಂದು ಚೀಲ ಹೆಗಲಿಗೇರಿಸಿದರು.